ಮೂರನೇ ರಾತ್ರಿ

ಅಣ್ಣ ಕುಡಿತ ಬಿಟ್ಟ ಮೂರನೇ ರಾತ್ರಿ. ಆಸ್ಪತ್ರೆ ಮಂಚದ ಮೇಲೆ ಕೂತು, ಹೊದಿಕೆ ಮೇಲೆ ಇಲ್ಲದ ಇರುವೆಗಳನ್ನು ಆರಿಸಿ ಆರಿಸಿ ಕೊಡವುತ್ತಿದ್ದ. "ನಿಂಗೆ ಕಾಣಲ್ವೇನೋ?" ಅಂತ ನನ್ನನ್ನೇ ಗದರಿದ. ನೀರು ಕೊಟ್ಟರೆ ಅರ್ಧ ಲೋಟ ಅಂಗಿ ಮೇಲೆ. ಕೈ ಅಷ್ಟು ನಡುಗುತ್ತಿತ್ತು.

ಮನಸ್ಸು ಗಟ್ಟಿ ಮಾಡಿದರೆ ಸಾಕು ಅಂದುಕೊಂಡಿದ್ದೆವು ನಾವೆಲ್ಲ. ಆದರೆ ವರ್ಷಗಟ್ಟಲೆ ಮದ್ಯದ ಮಂಪರಿಗೆ ಎದುರಾಗಿ ಮಿದುಳು ತನ್ನ ವೇಗ ಹೆಚ್ಚಿಸಿಕೊಂಡಿರುತ್ತದೆ. ಮದ್ಯ ಥಟ್ಟನೆ ನಿಂತರೆ ಆ ವೇಗಕ್ಕೆ ಕಡಿವಾಣವೇ ಇಲ್ಲ. ಮೊದಲ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಆಮೇಲೆ ಹೀಗೆ ಸನ್ನಿ. ಚಿಕಿತ್ಸೆ ಸಿಗದಿದ್ದರೆ ಜೀವವೇ ಹೋಗಬಹುದು.

ಅಯ್ಯಪ್ಪನ ಮಾಲೆ ಹಾಕಿ ಒಂದೇ ಏಟಿಗೆ ಬಿಡುವವರಿದ್ದಾರಲ್ಲ, ಅವರಿಗೆ ಕೈಮುಗಿದು ಕೇಳ್ತೀನಿ: ದಿನಾ ಕುಡಿಯುವವರಾದರೆ ಮೊದಲು ಡಾಕ್ಟರನ್ನು ಕಾಣಿ. ಯಾರನ್ನು ಕೇಳೋದು ಅಂತ ಗೊತ್ತಾಗದಿದ್ದರೆ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಅಣ್ಣನಿಗೆ ಆಸ್ಪತ್ರೆಯಲ್ಲಿ ಸಿಕ್ಕಿದ್ದು: ಬಿ1 ವಿಟಮಿನ್ ಇಂಜೆಕ್ಷನ್, ದಿನದಿನಕ್ಕೆ ಕಡಿಮೆ ಮಾಡುತ್ತಾ ಬಂದ ನಿದ್ದೆ ಬರಿಸೋ ಮಾತ್ರೆ, ರಾತ್ರಿಯಿಡೀ ಉರಿಯುವ ಒಂದು ದೀಪ.

ಆರನೇ ದಿನ ಬೆಳಗ್ಗೆ ಎರಡು ಇಡ್ಲಿ ತಿಂದ. ಲೋಟ ತಾನೇ ಎತ್ತಿ ಕುಡಿದ. "ಅಮ್ಮ ಊಟ ಮಾಡ್ತಿದಾಳೇನೋ?" ಅಂದ.