ನಿಲ್ಲಿಸುವ ತಂತಿ: ಹಳೆಯ ಕಾರಿನ ಹ್ಯಾಂಡ್‌ಬ್ರೇಕಿನ ಒಂದು ದುರಸ್ತಿ

ಬಂಡಿ, ರಥ, ಗಾಲಿ, ಅಚ್ಚು, ನೊಗ, ಕಡೆಗೀಲು - ಚಲನೆಗೆ ಸಂಬಂಧಿಸಿದ ಈ ಪದಗಳೆಲ್ಲ ಕನ್ನಡ ಸಾಹಿತ್ಯಕ್ಕೆ ಬಹು ಹಿಂದಿನಿಂದಲೂ ಪರಿಚಿತವಾದವು. ವಚನಕಾರರಲ್ಲಿ ಕಡೆಗೀಲು ಒಂದು ನೈತಿಕ ಪ್ರತಿಮೆಯಾಗಿಯೂ ಬಳಕೆಯಾಗಿದೆ. ಆದರೆ ಬಂಡಿಯನ್ನು ನಿಲ್ಲಿಸುವ ಸಾಧನಕ್ಕೆ ಅಂಥ ಮನ್ನಣೆ ದೊರೆತದ್ದು ಕಡಿಮೆ. ಎತ್ತಿನ ಬಂಡಿಯನ್ನು ನಿಲ್ಲಿಸುತ್ತಿದ್ದುದು ಮುಖ್ಯವಾಗಿ ಎತ್ತುಗಳೇ. ಹಗ್ಗ ಜಗ್ಗಿ ಸನ್ನೆ ಮಾಡಿದರೆ ಸಾಕಾಗುತ್ತಿತ್ತು. ಏರಿನಲ್ಲಿ ನಿಂತ ಬಂಡಿಯ ಗಾಲಿಗೆ ಹಿಂದಿನಿಂದ ಕಲ್ಲು ಕೊಡುತ್ತಿದ್ದರು. ತೇರಿನ ಗಾಲಿಗೆ ಮರದ ತುಂಡುಗಳನ್ನು ಕೊಟ್ಟು ಅದನ್ನು ತಡೆಯುವ, ತಿರುಗಿಸುವ ಕೆಲಸ ಇಂದಿಗೂ ಪಳಗಿದ ಕೈಗಳದು. ಎತ್ತಿಲ್ಲದ ಗಾಡಿ ಬಂದ ಮೇಲೆ ನಿಲ್ಲಿಸುವುದೇ ಒಂದು ಪ್ರತ್ಯೇಕ ಶಾಸ್ತ್ರವಾಯಿತು.

ಆ ಶಾಸ್ತ್ರದ ಇತಿಹಾಸ ದೀರ್ಘವಾದುದಲ್ಲ. ಹೊರಗವಸಿನೊಳಗೆ ಜಾರುವ ತಂತಿಯ ಮೂಲಕ ಎಳೆತವನ್ನು ಬಾಗುದಾರಿಯಲ್ಲೂ ಸಾಗಿಸುವ ಉಪಾಯಕ್ಕೆ ಅರ್ನೆಸ್ಟ್ ಬೌಡನ್ 1896ರಲ್ಲಿ ಪೇಟೆಂಟ್ ಪಡೆದನು. ಸೈಕಲ್ಲಿನ ಬ್ರೇಕಿನಲ್ಲಿ ನಾವು ಕಾಣುವುದು ಅದನ್ನೇ. ತಿರುಗುವ ಡ್ರಮ್ಮಿನ ಒಳಮೈಗೆ ಎರಡು ಷೂಗಳು ಒತ್ತಿ ಹಿಡಿಯುವ ಡ್ರಮ್ ಬ್ರೇಕನ್ನು ಫ್ರಾನ್ಸಿನ ಲೂಯಿ ರೆನೊ 1902ರಲ್ಲಿ ರೂಪಿಸಿದನು. 1921ರ ಡ್ಯೂಸೆನ್‌ಬರ್ಗ್ ಕಾರಿನಲ್ಲಿ ನಾಲ್ಕೂ ಚಕ್ರಗಳಿಗೆ ದ್ರವದ ಒತ್ತಡದಿಂದ ನಡೆಯುವ ಬ್ರೇಕು ಬಂದಿತು. ಕಾಲಿನ ಬ್ರೇಕು ಕ್ರಮೇಣ ದ್ರವವನ್ನು ಅವಲಂಬಿಸಿದರೂ ಕೈಯ ಬ್ರೇಕು ಬಹುಕಾಲ ತಂತಿಯಲ್ಲೇ ಉಳಿಯಿತು. ಇದಕ್ಕೆ ಕಾರಣವಿದೆ. ದ್ರವ ಸೋರಿ ಒಂದು ವ್ಯವಸ್ಥೆ ಕೈಕೊಟ್ಟರೆ ಇನ್ನೊಂದು ಅದರ ಹಂಗಿಲ್ಲದೆ ನಡೆಯಬೇಕು. ನಮ್ಮ ದೇಶದ 1989ರ ಕೇಂದ್ರ ಮೋಟಾರು ವಾಹನ ನಿಯಮಗಳೂ ಕಾರಿಗೆ ಪರಸ್ಪರ ಸ್ವತಂತ್ರವಾದ ಎರಡು ಬ್ರೇಕುಗಳಿರಬೇಕೆಂದು ವಿಧಿಸುತ್ತವೆ.

ಮಡಿಕೇರಿಯಂಥ ಊರಿನಲ್ಲಿ ಈ ನಿಯಮದ ಅರ್ಥ ಬೇಗ ಮನದಟ್ಟಾಗುತ್ತದೆ. ಅಲ್ಲಿ ಸಮತಟ್ಟಾದ ಬೀದಿಯನ್ನು ಹುಡುಕಬೇಕು. ಅಂಥ ಒಂದು ಏರಿನ ಮೇಲೆ ನಿವೃತ್ತ ಕನ್ನಡ ಅಧ್ಯಾಪಕರೊಬ್ಬರ ಮನೆಯಿದೆ. ಅವರು ವೃತ್ತಿಜೀವನದ ಬಹುಭಾಗವನ್ನು ಓಲೆಗರಿಗಳ ಪಾಠಪರಿಷ್ಕರಣೆಯಲ್ಲಿ ಕಳೆದವರು. ಅವರಲ್ಲಿರುವುದು 1999ರ ಮಾರುತಿ 800. 1983ರ ಡಿಸೆಂಬರಿನಲ್ಲಿ ಮಾರುಕಟ್ಟೆಗೆ ಬಂದು 2014ರಲ್ಲಿ ತಯಾರಿಕೆ ನಿಂತುಹೋದ, ಅಸಂಖ್ಯ ಮಧ್ಯಮವರ್ಗದ ಮನೆಗಳಿಗೆ ಮೊದಲ ಕಾರಾಗಿದ್ದ ಮಾದರಿ ಅದು. ಅವರ ಪತ್ನಿಗೆ ಪಾರ್ಶ್ವವಾಯುವಾದ ಮೇಲೆ ಎಡಗಾಲನ್ನು ಊರಿ ನಿಲ್ಲಲು ಹೊತ್ತು ಬೇಕು. ವಾರಕ್ಕೆರಡು ಬಾರಿ ವ್ಯಾಯಾಮ ಚಿಕಿತ್ಸೆಗೆ ಹೋಗಿಬರಲು ಆಧಾರವಾಗಿದ್ದುದು ಆ ಕಾರೇ.

ಕಾರು ಏರಿಗೆ ಮುಖಮಾಡಿ ಗೇಟಿನ ಮುಂದೆ ನಿಲ್ಲುತ್ತಿತ್ತು. ಆಕೆ ಬಾಗಿಲು ತೆರೆದು ಒಂದು ಕಾಲನ್ನು ನೆಲಕ್ಕಿಡುವ ಹೊತ್ತಿಗೆ ಅದು ಗೇಣಿನಷ್ಟು ಹಿಂದಕ್ಕೆ ಸರಿಯತೊಡಗಿತು. ತೆರೆದ ಬಾಗಿಲು ಹಿಂದಕ್ಕೆ ಬಂದರೆ ನಿಲ್ಲಲಾರದ ದೇಹಕ್ಕೆ ತಾಗುವುದು ಖಚಿತ. ಅಂದಿನಿಂದ ಆಕೆ ಕೆಳಗಿಳಿಯುವ ಮುನ್ನ ಪ್ರತಿಸಲವೂ "ಕಲ್ಲು ಕೊಟ್ರಾ?" ಎಂದು ಕೇಳುವುದು ರೂಢಿಯಾಯಿತು. ಗ್ಯಾರೇಜೊಂದರಲ್ಲಿ ಎರಡು ಸಲ ಲಿವರಿನ ಬುಡದ ನಟ್ಟನ್ನು ಬಿಗಿಮಾಡಿಸಿದರು. ಕೆಲವು ದಿನ ಸರಿಯಿದ್ದು ಮತ್ತೆ ಮೊದಲಿನಂತಾಯಿತು. ಬೆಂಗಳೂರಿನ ಮಗ "ಅಪ್ಪಾ, ಮಾರಿಬಿಡಿ, ಆಟೋ ಹೇಳಿಸಿದರಾಯಿತು" ಎಂದ. 15 ವರ್ಷ ದಾಟಿದ ಖಾಸಗಿ ಕಾರಿನ ನೋಂದಣಿಯನ್ನು 5 ವರ್ಷಕ್ಕೊಮ್ಮೆ ತಪಾಸಣೆಗೆ ಒಪ್ಪಿಸಿ ನವೀಕರಿಸಬೇಕು; ಆ ದಿನವೂ ಸಮೀಪಿಸುತ್ತಿತ್ತು. ಮಗನ ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ಆಟೋದ ಎತ್ತರದ ಮೆಟ್ಟಿಲನ್ನು ಏರುವುದು ಆಕೆಗೆ ಸಾಧ್ಯವಿರಲಿಲ್ಲ.

ಇಲ್ಲಿ ಅಧ್ಯಾಪಕರ ನೆರವಿಗೆ ಬಂದುದು ಗ್ರಂಥಸಂಪಾದನೆಯ ಅಭ್ಯಾಸ. ಪಾಠ ಕೆಟ್ಟಿರುವ ಕಡೆ ಅರ್ಥ ಹೊಂದುವಂತೆ ಒಂದಕ್ಷರ ತಿದ್ದಿಬಿಡುವುದು ಸುಲಭ. ಅದು ಎಲ್ಲಿ, ಹೇಗೆ ಕೆಟ್ಟಿತೆಂದು ತಿಳಿಯುವುದು ಕಷ್ಟ. ನಟ್ಟನ್ನು ಬಿಗಿಮಾಡುವುದು ಮೊದಲ ಬಗೆಯ ತಿದ್ದುಪಡಿ. ಅವರ ಗಮನಕ್ಕೆ ಇನ್ನೊಂದು ಸಂಗತಿಯೂ ಬಂದಿತ್ತು. ನಟ್ಟು ಬಿಗಿಮಾಡಿದ ಮೇಲೆ ಬಲಗಡೆಯ ಹಿಂದಿನ ಚಕ್ರ ಓಡಾಟದ ಅನಂತರ ಮುಟ್ಟಲಾಗದಷ್ಟು ಬಿಸಿಯಾಗುತ್ತಿತ್ತು, ಎಡಗಡೆಯದು ತಣ್ಣಗೇ ಇರುತ್ತಿತ್ತು.

ಮಳೆ ಬಿಡುವು ಕೊಟ್ಟ ಒಂದು ದಿನ ಅವರು ಕಾರನ್ನು ನೆರೆಮನೆಯ ಸಮತಟ್ಟಾದ ಅಂಗಳಕ್ಕೆ ಒಯ್ದರು. ಮುಂದಿನ ಚಕ್ರಗಳಿಗೆ ಎರಡೂ ಕಡೆಯಿಂದ ಕಲ್ಲು ಕೊಟ್ಟು ಕಾರನ್ನು ಮೊದಲನೆಯ ಗೇರಿನಲ್ಲಿ ಬಿಟ್ಟರು. ಎಂಜಿನ್ನು ತಿರುಗಿಸುವುದು ಮುಂದಿನ ಚಕ್ರಗಳನ್ನಾದುದರಿಂದ ಗೇರೂ ಅವನ್ನು ಹಿಡಿಯುತ್ತದೆ, ಹಿಂದಿನವು ಬಿಡುವಾಗಿರುತ್ತವೆ. ಜಾಕಿನಿಂದ ಹಿಂಭಾಗವನ್ನೆತ್ತಿ ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಕೂರಿಸಿದರು. ಬರಿಯ ಜಾಕಿನ ಭರವಸೆಯ ಮೇಲೆ ಕಾರಿನ ಅಡಿಗೆ ಕೈಯಿಡುವುದು ಅಪಾಯಕರ. ಹ್ಯಾಂಡ್‌ಬ್ರೇಕನ್ನು ಎಳೆದಾಗ ಲಿವರು ಹದಿಮೂರು ಬಾರಿ ಟಿಕ್ಕೆಂದಿತು. ಬಲಚಕ್ರ ಅಲುಗಲಿಲ್ಲ. ಎಡಚಕ್ರ ಕೈಯಿಂದ ತಳ್ಳಿದರೆ ತಿರುಗಿತು. ಇಡೀ ಕಾರಿನ ಭಾರವನ್ನು ಏರಿನಲ್ಲಿ ಒಂದೇ ಚಕ್ರ ಹಿಡಿದುಕೊಂಡಿತ್ತು!

ಎಡಡ್ರಮ್ಮನ್ನು ಬಿಚ್ಚುವಾಗ ಅವರು ಮೂಗಿಗೆ ಮುಸುಕು ಕಟ್ಟಿ, ಒಳಗಿನ ಧೂಳನ್ನು ಊದದೆ ಒದ್ದೆಬಟ್ಟೆಯಿಂದ ಒರೆಸಿದರು. ಹಳೆಯ ಬ್ರೇಕಿನ ಧೂಳಿನಲ್ಲಿ ಶ್ವಾಸಕೋಶಕ್ಕೆ ಹಾನಿಕರವಾದ ಕಲ್ನಾರು ಇರುವ ಸಂಭವವುಂಟು. ಷೂಗಳ ಲೈನಿಂಗ್ ಇನ್ನೂ ದಪ್ಪವಾಗಿತ್ತು. ಸಿಲಿಂಡರ್ ಒಣಗಿತ್ತು, ದ್ರವ ಸೋರಿ ಲೈನಿಂಗ್ ಜಾರುತ್ತಿದೆಯೆಂಬ ಶಂಕೆ ಅಲ್ಲಿಗೆ ನಿವಾರಣೆಯಾಯಿತು. ಉಳಿದದ್ದು ಕೇಬಲ್. ಅದರ ತುದಿಯನ್ನು ಇಕ್ಕಳದಿಂದ ಎಳೆದರೂ ಕದಲಲಿಲ್ಲ. ಬಾಗಿನ ಬಳಿ ಹೊರಗವಸು ಸೀಳಿತ್ತು. ಕೊಡಗಿನ ಅದೆಷ್ಟೋ ಮಳೆಗಾಲಗಳ ನೀರು ಅಲ್ಲಿಂದ ಒಳಹೊಕ್ಕು ತಂತಿಯ ಎಳೆಗಳು ತುಕ್ಕುಹಿಡಿದು ಗವಸಿಗೆ ಅಂಟಿಕೊಂಡಿದ್ದವು. ಈಗ ಬಲಗಡೆಯ ಬಿಸಿಯೂ ಅರ್ಥವಾಯಿತು: ನಟ್ಟು ಬಿಗಿಯಾದಷ್ಟೂ ಎಡಕೇಬಲ್ ಸರಿಯದೆ ಎಳೆತವೆಲ್ಲ ಬಲಕ್ಕೇ ಹೋಗಿ, ಬ್ರೇಕು ಬಿಟ್ಟಾಗಲೂ ಅಲ್ಲಿಯ ಷೂ ಉಜ್ಜುತ್ತಿತ್ತು. ಎಣ್ಣೆ ಬಿಟ್ಟರೆ ಕೇಬಲ್ ತಾತ್ಕಾಲಿಕವಾಗಿ ಸಡಿಲಗೊಂಡೀತು. ಆದರೆ ಸವೆದ ಎಳೆಗಳು ಯಾವಾಗ ಕಡಿಯುತ್ತವೆಂದು ಹೇಳಲಾಗದು. ಮೈಸೂರಿನಿಂದ ಎರಡೂ ಕಡೆಗೆ ಹೊಸ ಕೇಬಲ್ ತರಿಸಿದರು.

ಕೇಬಲ್ ಬದಲಿಸಲು ಷೂ ಮತ್ತು ಸ್ಪ್ರಿಂಗುಗಳನ್ನು ಕಳಚಬೇಕಾಗುತ್ತದೆ. ಅವುಗಳ ಜೋಡಣೆ ಮರೆತರೆ ಮರುಜೋಡಣೆ ದುಸ್ತರ. ಅಧ್ಯಾಪಕರು ಒಂದು ಬದಿಯನ್ನು ಮಾತ್ರ ಬಿಚ್ಚಿ, ಇನ್ನೊಂದನ್ನು ಡ್ರಮ್ ತೆಗೆದು ಹಾಗೆಯೇ ಬಿಟ್ಟರು. ಸಂದೇಹ ಬಂದಾಗಲೆಲ್ಲ ಎದ್ದು ಆ ಬದಿಗೆ ಹೋಗಿ ನೋಡಿಬರುವರು. ಎಡಬಲಗಳು ಅದಲುಬದಲಾಗಿರುತ್ತವೆಂಬ ಎಚ್ಚರವಿದ್ದರೆ ಮಾತೃಕೆಯೊಂದು ಪಕ್ಕದಲ್ಲೇ ಇದ್ದಂತೆ. ಮೆಕ್ಯಾನಿಕ್ಕುಗಳೂ ಈ ಕ್ರಮವನ್ನೇ ಅನುಸರಿಸುವುದುಂಟು. ಜಗಲಿಯಲ್ಲಿ ಕುಳಿತಿದ್ದ ಪತ್ನಿ ಬಿಚ್ಚಿದ ನಟ್ಟು, ಪಿನ್ನುಗಳನ್ನು ಸ್ಟೀಲಿನ ತಟ್ಟೆಯಲ್ಲಿ ಅನುಕ್ರಮವಾಗಿ ಇಡುತ್ತಿದ್ದರು. ಸ್ವಾಧೀನ ಮರಳುತ್ತಿದ್ದ ಎಡಗೈಯಿಂದಲೇ ಇಡುತ್ತಿದ್ದರು.

ಜೋಡಣೆಯಾದ ಮೇಲೆ ಅವರು ಮೊದಲು ಲಿವರಿನ ನಟ್ಟನ್ನು ಸಡಿಲಿಸಿ, ಕಾಲಿನ ಬ್ರೇಕನ್ನು ಹಲವು ಸಲ ಒತ್ತಿ ಷೂಗಳು ತಮ್ಮ ನೆಲೆಗೆ ಬರುವಂತೆ ಮಾಡಿದರು. ಕೇಬಲನ್ನು ಬಿಗಿಗೊಳಿಸಿದ್ದು ಅನಂತರ. ಈ ಅನುಕ್ರಮ ತಪ್ಪಿದರೆ ಷೂಗಳ ಸಡಿಲವನ್ನು ಕೇಬಲಿನಿಂದ ಮುಚ್ಚಿದಂತಾಗುತ್ತದೆ. ಈಗ ಲಿವರು ಆರನೆಯ ಟಿಕ್ಕಿಗೆ ಬಿಗಿಯಿತು, ಎರಡೂ ಚಕ್ರಗಳು ಒಟ್ಟಿಗೆ ನಿಂತವು. ಲಿವರನ್ನು ಇಳಿಸಿದಾಗ ಎರಡೂ ತಡೆಯಿಲ್ಲದೆ ತಿರುಗಿದವು. ಹಿಡಿಯುವಷ್ಟೇ ಚೆನ್ನಾಗಿ ಬಿಡುವುದೂ ಬ್ರೇಕಿನ ಗುಣ.

ಪರೀಕ್ಷೆ ನಡೆದದ್ದು ಮನೆಯ ಮುಂದಿನ ಏರಿನಲ್ಲಿ. ಕಾರಿನೊಳಗೆ ಅವರೊಬ್ಬರೇ, ಹಿಂದೆ ಮುಂದೆ ಯಾರೂ ಇರಲಿಲ್ಲ. ಚಕ್ರದ ಹಿಂದೆ ಒಂದು ಗೇಣು ಬಿಟ್ಟು ಕಲ್ಲಿಟ್ಟಿದ್ದರು. ಗೇರನ್ನು ನ್ಯೂಟ್ರಲಿಗೆ ತಂದು, ಹ್ಯಾಂಡ್‌ಬ್ರೇಕನ್ನು ಎಳೆದು, ಪೆಡಲಿನ ಮೇಲಿನ ಕಾಲನ್ನು ನಿಧಾನವಾಗಿ ತೆಗೆದರು. ಕಾರು ನಿಂತಿತು. ತಿರುಗಿಸಿ ಇಳಿಜಾರಿಗೆ ಮುಖಮಾಡಿಸಿದಾಗಲೂ ನಿಂತಿತು. ಮುಂದಿನ ತಿಂಗಳ ತಪಾಸಣೆಯಲ್ಲಿ ನೋಂದಣಿಯ ನವೀಕರಣಕ್ಕೆ ಅಡ್ಡಿಯಾಗಲಿಲ್ಲ.

ಕೇಬಲ್ ಬದಲಿಸಿದ ದಿನ, ಓಡಿದ ಕಿಲೋಮೀಟರು, ಆರು ಟಿಕ್ಕುಗಳು - ಇಷ್ಟನ್ನು ಅವರು ಒಂದು ಹಳೆಯ ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ. ಟಿಕ್ಕುಗಳು ಎಂಟಾದಾಗ ನಟ್ಟನ್ನಲ್ಲ, ಚಕ್ರವನ್ನು ಮೊದಲು ನೋಡಬೇಕೆಂಬ ಟಿಪ್ಪಣಿಯೂ ಅಲ್ಲಿದೆ. ಚಿಕಿತ್ಸೆಯ ದಿನಗಳಲ್ಲಿ ಕಾರು ಎಂದಿನಂತೆ ಗೇಟಿನ ಮುಂದೆ ಬಂದು ನಿಲ್ಲುತ್ತದೆ. ಪತ್ನಿ ಈಗಲೂ "ಕಲ್ಲು ಕೊಟ್ರಾ?" ಎಂದು ಕೇಳುತ್ತಾರೆ. ಅಧ್ಯಾಪಕರು ಕಲ್ಲನ್ನೂ ಕೊಟ್ಟು, "ಕೊಟ್ಟೆ, ಇಳಿ" ಎನ್ನುತ್ತಾರೆ.