‘ಙ’ ಎಂದರೆ ‘ನಾನು’

ಮುಂಡಗೋಡದ ಸಂತೆ. ಪಲ್ಯದ ಸಿವುಡುಗಳನ್ನು ಗೋಣಿತಟ್ಟಿನ ಮೇಲೆ ಹರವಿಕೊಂಡು ಕೂತ ತಾಯಿಯ ಪಕ್ಕದಲ್ಲಿ ಏಳನೇ ಇಯತ್ತೆಯ ಹುಡುಗಿ. ಉದ್ದನೆಯ ನಿಲುವಂಗಿ ತೊಟ್ಟು, ಕೈಯಲ್ಲಿ ಜಪಮಾಲೆ ಹಿಡಿದಿದ್ದ ಟಿಬೆಟನ್ ಅಜ್ಜಿಯೊಬ್ಬಳು ಮೆಂತೆ ಪಲ್ಯದ ಎರಡು ಸಿವುಡು ಎತ್ತಿಕೊಂಡಳು. ತಾಯಿ ಉಪಚಾರಕ್ಕೆಂದು ಕೇಳಿದಳು:

“ನಿಮ್ಮ ಹೊಲದಾಗ ಗೋವಿನಜೋಳ ಹೆಂಗೈತ್ರಿ ಅಜ್ಜಿ?”

“ಈ ವರ್ಷ ಬೆಲಿ ಚಲೋ ಬಂದೈತಿ.”

“ಬೆಲಿ ಎಲ್ಲಿ ಚಲೋ ಐತ್ರಿ? ಪ್ಯಾಟ್ಯಾಗ ಇಳದು ಕುಂತೈತಿ!”

ಅಜ್ಜಿ ಒಂದು ಕ್ಷಣ ಗಲಿಬಿಲಿಗೊಂಡಳು. ಆಮೇಲೆ ಕೈಯನ್ನು ಎದೆಯ ಎತ್ತರಕ್ಕೆ ಹಿಡಿದು, “ಇಷ್ಟು ಎತ್ತರ ಬೆಲಿ!” ಎಂದಳು. ಹುಡುಗಿ ಕಿಸಕ್ಕನೆ ನಕ್ಕಳು. ತಾಯಿ ಅವಳ ತೊಡೆ ಚಿವುಟಿ, “ಸುಮ್ನಿರ, ಹಿರ್ಯಾರಿಗೆ ನಗ್ತಾರೇನ?” ಎಂದು ಗದರಿದಳು. ಅಜ್ಜಿ ಹಣ ಕೊಟ್ಟು ಹೊರಟುಹೋದಳು.

ಬೆಳೆ ಎನ್ನಬೇಕಾದಲ್ಲಿ ಬೆಲೆ ಎಂದದ್ದು ಇಷ್ಟೇ ತಪ್ಪು. ಆದರೆ ಆ ಒಂದು ತಪ್ಪಿನ ಹಿಂದೆ ಹಿಮಾಲಯದಾಚೆಯಿಂದ ಮುಂಡಗೋಡದವರೆಗಿನ ಒಂದು ದಾರಿಯೇ ಇದೆ.

1959ರಲ್ಲಿ ದಲಾಯಿ ಲಾಮಾ ಅವರು ಟಿಬೆಟ್ ಬಿಟ್ಟು ಭಾರತಕ್ಕೆ ಬಂದರು. ಅವರ ಹಿಂದೆ ಸಾವಿರಾರು ಜನ ಬಂದರು. ಆಗಿನ ಮೈಸೂರು ರಾಜ್ಯ ಅವರಿಗೆ ಭೂಮಿ ಕೊಡಲು ಮುಂದೆ ಬಂದಿತು. ಮೊದಲು ಬೈಲುಕುಪ್ಪೆಯಲ್ಲಿ, 1966ರಲ್ಲಿ ಮುಂಡಗೋಡದ ಹತ್ತಿರ ನಿರಾಶ್ರಿತರ ವಸತಿ ಪ್ರಾರಂಭವಾಯಿತು. ಮುಂದೆ ಪಶ್ಚಿಮ ಬಂಗಾಲದ ಬಕ್ಸಾ ಶಿಬಿರದಲ್ಲಿದ್ದ ಭಿಕ್ಷುಗಳೂ ಬಂದು ಡ್ರೆಪುಂಗ್ ಮತ್ತು ಗಾಂದೆನ್ ಮಠಗಳನ್ನು ಇಲ್ಲಿ ಮತ್ತೆ ಕಟ್ಟಿದರು. ಲಾಸಾ ನಗರ ಸಮುದ್ರಮಟ್ಟದಿಂದ ಸುಮಾರು 3,650 ಮೀಟರ್ ಎತ್ತರದಲ್ಲಿದೆ. ಅಂಥ ಚಳಿಯ ನಾಡಿನಲ್ಲಿ ಬಾರ್ಲಿ ಬೆಳೆದು, ಯಾಕ್ ಸಾಕಿಕೊಂಡಿದ್ದವರು ಮಲೆನಾಡಿನ ಅಂಚಿನ ಮಳೆ, ಸೆಕೆಗಳ ನಡುವೆ ಕಾಡು ಕಡಿದು ಗೋವಿನಜೋಳ, ಭತ್ತ ಬಿತ್ತಿದರು. ಮಣ್ಣು ಹೊಸದು, ಬೆಳೆ ಹೊಸದು, ಮಾತೂ ಹೊಸದು.

ಮೊದಲ ತಲೆಮಾರಿನವರಲ್ಲಿ ಹೆಚ್ಚಿನವರು ಕನ್ನಡವನ್ನು ಪುಸ್ತಕದಿಂದ ಕಲಿಯಲಿಲ್ಲ. ಉತ್ತರದಲ್ಲಿ ರಸ್ತೆ ಕೆಲಸ ಮಾಡುವಾಗ ಕಿವಿಗೆ ಬಿದ್ದಿದ್ದ ಹಿಂದಿ ಕೆಲವರಿಗೆ ಸೇತುವೆಯಾಯಿತು. ಉಳಿದದ್ದನ್ನು ಸಂತೆ ಕಲಿಸಿತು. ಹೊಸಬರು ಎಲ್ಲಿಗೆ ಹೋದರೂ ಮೊದಲು ಕಲಿಯುವುದು ವ್ಯಾಕರಣವನ್ನಲ್ಲ, ಅಂಕಿಗಳನ್ನು. ಆಮೇಲೆ ‘ಎಷ್ಟು’, ‘ಎಲ್ಲಿ’, ‘ಬೇಕು’, ‘ಬೇಡ’, ‘ಚಲೋ’. ಚಳಿಗಾಲದಲ್ಲಿ ಊರೂರಿಗೆ ಸ್ವೆಟರ್ ಮಾರಲು ಹೋದವರಿಗೆ ಇನ್ನೂರು, ಮುನ್ನೂರು, ‘ಕಡಿಮಿ ಮಾಡ್ರಿ’ ಎಲ್ಲವೂ ಬಾಯಿಪಾಠವಾದವು. ಹೊಟ್ಟೆಪಾಡಿಗೆ ಬೇಕಾದ ಮಾತು ಬೇಗ ಬರುತ್ತದೆ.

ಹಾಗಾದರೆ ಇಷ್ಟು ವರ್ಷಗಳಾದರೂ ‘ಳ’ಕಾರ ಯಾಕೆ ಬರಲಿಲ್ಲ? ತಪ್ಪು ಅಜ್ಜಿಯ ಬುದ್ಧಿಯದಲ್ಲ. ಟಿಬೆಟನ್ ಮಾತಿನಲ್ಲಿ ‘ಲ’ ಇದೆ, ‘ಳ’ ಇಲ್ಲ. ಮನುಷ್ಯನ ಕಿವಿ ಹುಟ್ಟಿದಾಗ ಜಗತ್ತಿನ ಬಹುತೇಕ ಎಲ್ಲ ಭಾಷೆಗಳಿಗೂ ತೆರೆದಿರುತ್ತದೆ. ಕೆನಡಾದಲ್ಲಿ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಎಂಬ ಸಂಶೋಧಕರು 1984ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಪ್ರಸಿದ್ಧವಾಗಿದೆ. ಇಂಗ್ಲಿಷ್ ಮನೆಗಳ ಆರರಿಂದ ಎಂಟು ತಿಂಗಳ ಕೂಸುಗಳು ಹಿಂದಿಯ ‘ತ’ ಮತ್ತು ‘ಟ’ಗಳ ವ್ಯತ್ಯಾಸವನ್ನು ಗುರುತಿಸಿದವು. ಆದರೆ ಹತ್ತರಿಂದ ಹನ್ನೆರಡು ತಿಂಗಳಾಗುವಷ್ಟರಲ್ಲಿ ಹೆಚ್ಚಿನ ಕೂಸುಗಳಲ್ಲಿ ಆ ಶಕ್ತಿ ಕುಂದಿತ್ತು. ಮನೆಯಲ್ಲಿ ಬೇಕಾಗದ ಭೇದವನ್ನು ಮಿದುಳು ಬದಿಗಿಡುತ್ತದೆ. ಬೇಕಾದದ್ದನ್ನು ಚುರುಕುಗೊಳಿಸುತ್ತದೆ. ಅಜ್ಜಿಯ ಕಿವಿಗೆ ‘ಬೆಳಿ’ಯೂ ‘ಬೆಲಿ’ಯೂ ಒಂದೇ ಆಗಿ ಕೇಳಿಸಿದರೆ ಅದು ನಿಸರ್ಗದ ಕೆಲಸ. ಹಾಗೆಂದು ಬಾಗಿಲು ಮುಚ್ಚಿತೆಂದಲ್ಲ. ದೊಡ್ಡವರೂ ಕಲಿಯಬಲ್ಲರು. ಆದರೆ ಯಾರಾದರೂ ತಾಳ್ಮೆಯಿಂದ ತೋರಿಸಿಕೊಡಬೇಕು.

ನಮ್ಮ ಕಿವಿಯೂ ಇದಕ್ಕೆ ಹೊರತಲ್ಲ. ಮನೆಯಲ್ಲೇ ಒಂದು ಪ್ರಯೋಗ ಮಾಡಿ ನೋಡಬಹುದು. ಅಂಗೈಯನ್ನು ಬಾಯಿಯ ಹತ್ತಿರ ಹಿಡಿದು ‘ಚು’ ಎನ್ನಿ, ಅನಂತರ ‘ಛು’ ಎನ್ನಿ. ಎರಡನೆಯದರಲ್ಲಿ ಉಸಿರು ಅಂಗೈಗೆ ಬಡಿಯಬೇಕು. ಬಡಿಯದಿದ್ದರೆ ನೀವು ಮಹಾಪ್ರಾಣವನ್ನು ಬರೆಯುತ್ತೀರಿ, ಉಚ್ಚರಿಸುವುದಿಲ್ಲ ಎಂದರ್ಥ. ನಮ್ಮ ಆಡುಮಾತಿನಲ್ಲಿ ಇದರಿಂದ ದೊಡ್ಡ ನಷ್ಟವೇನೂ ಇಲ್ಲ. ಆದರೆ ಟಿಬೆಟನ್‌ನಲ್ಲಿ ‘ಚು’ ಎಂದರೆ ಹತ್ತು, ‘ಛು’ ಎಂದರೆ ನೀರು. ಬಾಯಾರಿದ ಕನ್ನಡಿಗ ಅವರ ಮನೆಗೆ ಹೋಗಿ ನೀರು ಕೇಳುವ ಬದಲು ‘ಹತ್ತು’ ಎಂದು ಕೇಳಿದರೆ ನಗುವ ಸರದಿ ಅವರದು.

ಅಜ್ಜಿಯಂಥವರಿಗೆ ಕನ್ನಡದಲ್ಲಿ ಕಷ್ಟವಾಗುವುದು ಇನ್ನೊಂದಿದೆ. ಬರುತ್ತಾನೆ, ಬರುತ್ತಾಳೆ, ಬರುತ್ತದೆ, ಬರುತ್ತಾರೆ ಎಂದು ನಮ್ಮ ಕ್ರಿಯಾಪದ ಕರ್ತೃವನ್ನು ನೋಡಿ ಬಾಲ ಬದಲಿಸುತ್ತದೆ. ಅವರ ಭಾಷೆಯಲ್ಲಿ ಗಂಡು ಹೆಣ್ಣೆಂದು ಕ್ರಿಯಾಪದ ಬೇರೆಯಾಗುವುದಿಲ್ಲ. ‘ಅವ್ವ ಬಂದ’ ಎಂಬ ಮಾತು ಹುಟ್ಟುವುದು ಹೀಗೆ. ಆದರೆ ಸುಲಭವಾದದ್ದೂ ಉಂಟು. ಕನ್ನಡದಂತೆ ಟಿಬೆಟನ್‌ನಲ್ಲೂ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ನಾವು ಗೌರವಕ್ಕೆ ‘ರೀ’ ಸೇರಿಸುವಂತೆ ಅವರು ಹೆಸರಿಗೆ ‘ಲಾ’ ಸೇರಿಸುತ್ತಾರೆ. ಆದ್ದರಿಂದಲೇ ‘ಬರ್ರಿ’, ‘ಕೂಡ್ರಿ’ ಎಂಬ ಮಾತುಗಳ ಮರ್ಯಾದೆ ಅವರಿಗೆ ಹೊಸದೆನಿಸುವುದಿಲ್ಲ.

ಹೊಸಬರಾಗಲು ದೇಶವನ್ನೇ ದಾಟಬೇಕೆಂದಿಲ್ಲ. ಹಳಿಯಾಳದ ಮರಾಠಿ ಮನೆಯ ಕೂಸು, ಜೋಯಿಡಾದ ಕೊಂಕಣಿ ಮಾತಾಡುವ ಕುಣಬಿ ಹುಡುಗ, ಕಾಗದದ ಕಾರ್ಖಾನೆಗೆ ಎಲ್ಲೆಲ್ಲಿಂದಲೋ ಬಂದು ದಾಂಡೇಲಿಯಲ್ಲಿ ನೆಲೆಸಿದವರ ಮಕ್ಕಳು, ಇವರೆಲ್ಲ ಕನ್ನಡ ಶಾಲೆಯ ಮೊದಲ ದಿನ ಹೊಸಬರೇ. ಇದೇ ಊರುಗಳ ಮಕ್ಕಳು ಮುಂದೆ ಓದಿಗೋ ಕೆಲಸಕ್ಕೋ ಜಪಾನಿಗೆ ಹೋದರೆಂದು ಇಟ್ಟುಕೊಳ್ಳೋಣ. ಆಗ ಅವರೇ ಅಲ್ಲಿಯ ಅಂಗಡಿಯ ಮುಂದೆ ನಿಂತ ಅಜ್ಜಿಯಾಗುತ್ತಾರೆ.

ಜಪಾನಿ ಎಂದೊಡನೆ ತಂದೆತಾಯಿ ಹೆದರುವುದುಂಟು. ಲಿಪಿಯನ್ನು ನೋಡಿದರೆ ಹೆದರಿಕೆ ಸಹಜವೇ. ಹಿರಗಾನ, ಕತಕಾನ ಎಂಬ ಎರಡು ಅಕ್ಷರಮಾಲೆಗಳಲ್ಲಿ 46-46 ಮೂಲಾಕ್ಷರಗಳು. ಅವುಗಳ ಮೇಲೆ ಚೀನಾದಿಂದ ಬಂದ ಕಾಂಜಿ ಚಿಹ್ನೆಗಳು. ಸಾಮಾನ್ಯ ಬಳಕೆಗೆಂದು ಅಲ್ಲಿಯ ಸರಕಾರ 2010ರಲ್ಲಿ ಗೊತ್ತುಪಡಿಸಿದ ಪಟ್ಟಿಯಲ್ಲೇ ಅವು 2,136 ಇವೆ. ಆದರೆ ಮಾತಿಗೆ ಬಂದರೆ ಕನ್ನಡದ ಮಗುವಿನ ಕೈಯಲ್ಲಿ ಅರ್ಧ ಬುತ್ತಿ ಆಗಲೇ ಇದೆ. ‘ವತಾಶಿ ವಾ ಮಿಜು ಒ ನೊಮಿಮಸು’ ಎಂದರೆ ‘ನಾನು ನೀರನ್ನು ಕುಡಿಯುತ್ತೇನೆ’. ವತಾಶಿ ನಾನು, ಮಿಜು ನೀರು, ‘ಒ’ ನಮ್ಮ ‘ಅನ್ನು’ ಪ್ರತ್ಯಯ, ನೊಮಿಮಸು ಕುಡಿಯುತ್ತೇನೆ. ಪದಗಳ ಸಾಲು ಅದಲುಬದಲಾಗುವುದೇ ಇಲ್ಲ. ಅವನು, ಅವಳು, ಅವರು ಯಾರೇ ಕುಡಿಯಲಿ, ‘ನೊಮಿಮಸು’ ಹಾಗೆಯೇ ಇರುತ್ತದೆ. ‘ಒಬಸಾನ್’ ಎಂದರೆ ಅತ್ತೆ ಅಥವಾ ಚಿಕ್ಕಮ್ಮ, ‘ಒಬಾಸಾನ್’ ಎಂದರೆ ಅಜ್ಜಿ. ಹ್ರಸ್ವ ದೀರ್ಘಗಳ ಈ ಭೇದದಲ್ಲಿ ಎಷ್ಟೋ ದೇಶದವರು ಎಡವುತ್ತಾರೆ. ‘ಕರು’, ‘ಕಾರು’ಗಳ ವ್ಯತ್ಯಾಸ ಬಲ್ಲ ನಮಗೆ ಅದು ಕಷ್ಟವಲ್ಲ. ಅವರ ಅಕ್ಷರಗಳ ಕ್ರಮವೂ ಪರಿಚಿತವೇ: ಅ, ಇ, ಉ, ಎ, ಒ, ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ಸಂಸ್ಕೃತ ಕಲಿತ ಬೌದ್ಧ ಭಿಕ್ಷುಗಳ ಮೂಲಕ ಭಾರತದ ವರ್ಣಮಾಲೆಯ ಜೋಡಣೆಯೇ ಅಲ್ಲಿಗೆ ಹೋಗಿ ನೆಲೆಸಿತು.

ಹೊಸ ಭಾಷೆ ಕಲಿಯಲು ಒಳ್ಳೆಯ ಗುರು ಯಾರು? ಇದಕ್ಕೆ ಒಬ್ಬ ಜಪಾನಿಯೇ ಉತ್ತರ ಹೇಳಿದ್ದಾನೆ. ಎಕಾಯ್ ಕವಾಗುಚಿ ಎಂಬ ಬೌದ್ಧ ಭಿಕ್ಷು 1897ರಲ್ಲಿ ಭಾರತಕ್ಕೆ ಬಂದ. ಹೊರಗಿನವರಿಗೆ ಆಗ ಟಿಬೆಟ್ ಪ್ರವೇಶವಿರಲಿಲ್ಲ. ಆತ ಡಾರ್ಜಿಲಿಂಗಿನಲ್ಲಿ ಟಿಬೆಟನ್ ಕುಟುಂಬವೊಂದರ ಜೊತೆಗಿದ್ದು ಭಾಷೆ ಕಲಿತು, ಅನಂತರ ಗುರುತು ಮರೆಸಿಕೊಂಡು ಹೊರಟು 1901ರಲ್ಲಿ ಲಾಸಾ ತಲುಪಿದ. ತನ್ನ ಪ್ರವಾಸಕಥನದಲ್ಲಿ ಆತ, ಆಡುಮಾತು ಕಲಿಸುವುದರಲ್ಲಿ ಮಕ್ಕಳನ್ನು ಮೀರಿಸಿದ ಗುರುಗಳಿಲ್ಲ ಎಂಬ ಅಭಿಪ್ರಾಯ ಬರೆದಿದ್ದಾನೆ. ತಪ್ಪಿದರೆ ಮಕ್ಕಳು ಬಿಡುವುದಿಲ್ಲ. ಸರಿಯಾಗುವವರೆಗೆ ಹೇಳಿಸುತ್ತಾರೆ.

ಆದರೆ ಮಕ್ಕಳ ನಗು ಎರಡು ಬಗೆಯದು. ತಿದ್ದುವ ನಗು ಒಂದು, ಬಾಯಿ ಕಟ್ಟಿಸುವ ನಗು ಇನ್ನೊಂದು. ಎರಡನೆಯದಕ್ಕೆ ಸಿಕ್ಕವರು ಮತ್ತೆ ಬಾಯಿ ತೆರೆಯಲು ಅಳುಕುತ್ತಾರೆ. ತರಗತಿಯಲ್ಲಿ ಇಂಗ್ಲಿಷಿನ ಒಂದು ವಾಕ್ಯ ತಪ್ಪಿ, ಎಲ್ಲರೂ ನಕ್ಕ ದಿನದಿಂದ ಕೈ ಎತ್ತದೇ ಹೋದ ಮಕ್ಕಳು ಯಾವ ಶಾಲೆಯಲ್ಲಿಲ್ಲ? ಮನೆಯಲ್ಲಿ ‘ನೂರಕ್ಕೆ ಎಷ್ಟು ಬಂತು’ ಎಂದು ಕೇಳುವ ನಾವು, ‘ಇವತ್ತು ಎಷ್ಟು ಸಲ ತಪ್ಪು ಮಾತಾಡಿದಿ’ ಎಂದು ಕೇಳುವುದಿಲ್ಲ. ಭಾಷೆ ಬರುವುದು ಆ ತಪ್ಪುಗಳ ಮೇಲೆ ಕಾಲಿಟ್ಟೇ.

ಇನ್ನೊಂದು ಮಾತನ್ನೂ ಮರೆಯುವಂತಿಲ್ಲ. ಹೊಸದನ್ನು ಕಲಿಯುವುದೆಂದರೆ ಹಳೆಯದನ್ನು ಕಳೆದುಕೊಳ್ಳುವುದಲ್ಲ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಾಡಂಚಿನಲ್ಲಿ ಬಾಳುವ ಸಿದ್ದಿಗಳ ಪೂರ್ವಜರನ್ನು ಆಫ್ರಿಕಾದಿಂದ ಗುಲಾಮರನ್ನಾಗಿ ತಂದರು. ಇಂದು ಅವರು ಕೊಂಕಣಿ, ಕನ್ನಡ, ಮರಾಠಿಗಳನ್ನು ಬಲ್ಲರು. ಪೂರ್ವಜರ ಮಾತು ಮಾತ್ರ ಮನೆಮಾತಾಗಿ ಉಳಿಯಲಿಲ್ಲ. ಗುಲಾಮನ ಭಾಷೆಯನ್ನು ಕೇಳುವ ಕಿವಿ ಒಡೆಯನಿಗಿರಲಿಲ್ಲ. ಟಿಬೆಟನ್ನರು ತಮ್ಮ ಶಾಲೆ, ಮಠಗಳಿಂದಾಗಿ ತಮ್ಮದನ್ನು ಕಾಪಾಡಿಕೊಂಡಿದ್ದಾರೆ. ಅವರು ನಮ್ಮದನ್ನೂ ಒಂದಿಷ್ಟು ಕಲಿತರು. 1966ರಿಂದ ನೆರೆಯಲ್ಲಿರುವ ಅವರ ಮಾತನ್ನು ನಾವು ಎಷ್ಟು ಕಲಿತೆವು? ಅವರ ಅಕ್ಷರಗಳೂ ನಮ್ಮ ಅಕ್ಷರಗಳಂತೆ ಬ್ರಾಹ್ಮಿಯ ವಂಶದವೇ. ಅವರ ಮಕ್ಕಳೂ ‘ಕ, ಖ, ಗ, ಙ’ ಎಂದೇ ಶುರು ಮಾಡುತ್ತಾರೆ.

ಮುಂದಿನ ಸಂತೆಗೆ ಅಜ್ಜಿ ಬಂದಳು. ಹುಡುಗಿ ಈ ಸಲ ನಗಲಿಲ್ಲ. ನಾಲಿಗೆಯ ತುದಿಯನ್ನು ಹಿಂದಕ್ಕೆ ಮಡಚಿ ಬಾಯಿಯ ಮೇಲ್ಭಾಗಕ್ಕೆ ತಾಗಿಸಿ ತೋರಿಸಿದಳು. “ಹಿಂಗ್ರಿ ಅಜ್ಜಿ, ಬೆಳಿ.” ಅಜ್ಜಿ ಐದಾರು ಸಲ ಪ್ರಯತ್ನಿಸಿದಳು. ಒಂದು ಸಲ ಸರಿಯಾಗಿಯೇ ಬಂತು. ಹುಡುಗಿಗೆ ಹುರುಪು ಬಂದು ಕೇಳಿದಳು:

“ನಿಮ್ಮ ಭಾಷಾದಾಗ ‘ನಾನು’ ಅನ್ನಾಕ ಏನಂತಾರ್ರಿ?”

“ಙ.”

“ನ?”

“ನ ಅಲ್ಲ ತಂಗಿ. ಙ.”

“ಗ? ನಗ?”

ಈಗ ಅಜ್ಜಿ ನಕ್ಕಳು, ಪಲ್ಯ ಮಾರುವ ತಾಯಿಯೂ ನಕ್ಕಳು. ಹುಡುಗಿಗೂ ನಗು ತಡೆಯಲಾಗಲಿಲ್ಲ. ‘ಅಂಗಡಿ’ ಎನ್ನುವಾಗ ದಿನಕ್ಕೆ ಹತ್ತು ಸಲ ಅವಳ ಬಾಯಲ್ಲಿ ಬರುವ ಧ್ವನಿಯೇ ಅದು. ಶಬ್ದದ ಮೊದಲಿಗೆ ಬಂದಾಗ ಮಾತ್ರ ನಾಲಿಗೆ ಹೊರಳುತ್ತಿಲ್ಲ. ಒಂದನೇ ಇಯತ್ತೆಯಲ್ಲಿ ಕಲಿತು, ಒಂದು ಶಬ್ದವನ್ನೂ ಅದರಿಂದ ಶುರು ಮಾಡದೆ ಬಿಟ್ಟಿದ್ದ ಅಕ್ಷರ. ಅಜ್ಜಿ ಮೆಂತೆಯ ಸಿವುಡನ್ನು ಚೀಲಕ್ಕೆ ಹಾಕಿಕೊಳ್ಳುತ್ತಾ ಎದೆಯ ಮೇಲೆ ಕೈಯಿಟ್ಟು ನಿಧಾನವಾಗಿ ಮತ್ತೊಮ್ಮೆ ಹೇಳಿಕೊಟ್ಟಳು. ಹುಡುಗಿ ತನ್ನ ಎದೆಯ ಮೇಲೂ ಕೈಯಿಟ್ಟುಕೊಂಡು, “ಅಂಗ್... ಙ” ಎಂದಳು.

“ಹಾಂ, ಚಲೋ ಬಂತು,” ಎಂದಳು ಅಜ್ಜಿ.