ಏಪ್ರಿಲ್‌ನಲ್ಲಿ ಹರಿದ ಮಳೆನೀರು

ಮೂರು ವರ್ಷದ ಹಿಂದೆ ನಾನು ಬರೆದ ಒಂದು ಸುದ್ದಿಯ ಬಗ್ಗೆ ಹೇಳಬೇಕು. ಉತ್ತರ ಕನ್ನಡದ ಕರಾವಳಿಯ ನಮ್ಮ ಪೇಟೆಯಲ್ಲಿ ಜೂನ್ ಬಂದರೆ ಮೊಣಕಾಲುದ್ದ ನೀರು. ಅದನ್ನು ಹೊರಗೆ ಹಾಕಲು ಅಳಿವೆಯವರೆಗೆ ದೊಡ್ಡ ಕಾಂಕ್ರೀಟ್ ಚರಂಡಿ ಕಟ್ಟಿದರು. ಉದ್ಘಾಟನೆಗೆ ಹೋದೆ, ಫೋಟೊ ತೆಗೆದೆ, 'ಪೇಟೆಗೆ ನೆರೆಯಿಂದ ಮುಕ್ತಿ' ಎಂದು ಬರೆದು ಕಳಿಸಿದೆ. ಎರಡು ಕಾಲಂ ಬಂತು. ಆ ನೀರು ಎಲ್ಲಿ ಸೇರುತ್ತದೆ, ಅಲ್ಲಿಗೆ ಬಿಡಲು ಅನುಮತಿ ಇದೆಯೇ ಎಂದು ಕೇಳಲೇ ಇಲ್ಲ.

ನಮ್ಮ ದೊಡ್ಡಮ್ಮ ಇಳಿತದ ಹೊತ್ತಿಗೆ ಅಳಿವೆಗೆ ಇಳಿದು ಬಳಚು ಹೆಕ್ಕಿ ಮಾರುವವರು. ಮರುವರ್ಷ ಏಪ್ರಿಲ್‌ನಲ್ಲಿ ಮನೆಗೆ ಬಂದು, "ನೀ ಬರ್ದಿದ್ಯಲ್ಲ ಆ ಗಟಾರ, ಅದ್ರ ಬಾಯಿ ಹತ್ರ ಬಳಚು ತೆಗೆದ್ರೆ ಸೋಪಿನ ವಾಸನೆ. ಯಾರೂ ತಗೊಳ್ತಿಲ್ಲ" ಎಂದರು.

ಹೋಗಿ ನೋಡಿದೆ. ಮಳೆ ಬಿದ್ದು ತಿಂಗಳುಗಳೇ ಆಗಿದ್ದವು. ಆದರೂ ಮಳೆನೀರಿನ ಚರಂಡಿಯಲ್ಲಿ ಕಪ್ಪು ನೀರು ಹರಿಯುತ್ತಿತ್ತು, ಮೇಲೆ ನೊರೆ. ಚರಂಡಿಯ ಗುಂಟ ಪೇಟೆ ಕಡೆಗೆ ನಡೆದೆ. ಪಕ್ಕದ ಕಟ್ಟಡಗಳಿಂದ ಅದಕ್ಕೆ ಬಿಟ್ಟ ಪೈಪ್‌ಗಳನ್ನು ಎಣಿಸಿದೆ. ಒಟ್ಟು 11.

ಕಾನೂನು ಓದಲು ಕೂತದ್ದು ಆಮೇಲೆ. ಕರಾವಳಿ ನಿಯಂತ್ರಣ ವಲಯ, ಅಂದರೆ ಸಿಆರ್‌ಝಡ್, ಮೊದಲು ಬಂದದ್ದು 1991ರಲ್ಲಿ. ಆಮೇಲೆ 2011 ಮತ್ತು 2019ರಲ್ಲಿ ಹೊಸ ಅಧಿಸೂಚನೆ ಬಂತು. ಅಘನಾಶಿನಿ ಅಳಿವೆ ರಾಮ್ಸಾರ್ ಪಟ್ಟಿಗೆ ಸೇರಿದ ಸುದ್ದಿ 2024ರಲ್ಲಿ ನೀವು ಓದಿರಬಹುದು. ನಮ್ಮ ಅಳಿವೆಗೆ ಅಂಥ ಹೆಸರಿಲ್ಲ. ಆದರೆ ಕಾಂಡ್ಲಾ ಕಾಡಿದೆ. ಕಾಂಡ್ಲಾ ಇರುವ ಜಾಗ ಸಿಆರ್‌ಝಡ್ 1-ಎ, ಎಲ್ಲಕ್ಕಿಂತ ಬಿಗಿ ನಿಯಮದ ವಲಯ.

ಉಬ್ಬರ-ಇಳಿತದ ನೆಲದಲ್ಲಿ ಮಳೆನೀರಿನ ಚರಂಡಿಗೆ ಕಾನೂನು ಅವಕಾಶ ಕೊಡುತ್ತದೆ. ಅದಕ್ಕೆ ರಾಜ್ಯದ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರಕ್ಕೆ ಅರ್ಜಿ ಹಾಕಬೇಕು. 1:4000 ಅಳತೆಯ ನಕ್ಷೆಯಲ್ಲಿ ಚರಂಡಿ ಎಲ್ಲಿ ಹೋಗುತ್ತದೆಂದು ತೋರಿಸಬೇಕು. ಸಂಸ್ಕರಿಸದ ಕೊಳಚೆ ಬಿಡುವುದಕ್ಕೆ ಮಾತ್ರ ನಿಷೇಧವೇ ಇದೆ. 1974ರ ಜಲ ಕಾಯ್ದೆ ಪ್ರಕಾರ ಕೊಳಚೆಗೆ ಹೊಸ ಬಾಯಿ ತೆರೆಯಲು ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆಯೂ ಬೇಕು.

10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ನಮ್ಮ ಚರಂಡಿಗೆ ಅನುಮತಿಯೇ ಇರಲಿಕ್ಕಿಲ್ಲ ಎಂದುಕೊಂಡಿದ್ದೆ. ಇತ್ತು! ಪ್ರತಿ ಕೈಗೆ ಬಂತು. ಷರತ್ತಿನಲ್ಲಿ ಸ್ಪಷ್ಟವಾಗಿ ಬರೆದಿತ್ತು: ಮಳೆನೀರು ಮಾತ್ರ. ಕಾಗದ ಸರಿಯಾಗಿಯೇ ಇತ್ತು. ಪೈಪ್ ಜೋಡಿಸಿದವರನ್ನು ತಡೆದವರು ಇರಲಿಲ್ಲ, ಷರತ್ತು ಏನೆಂದು ಊರಿನವರಿಗೆ ಹೇಳಿದವರೂ ಇರಲಿಲ್ಲ. ಹೇಳಬೇಕಿದ್ದವರಲ್ಲಿ ನಾನೂ ಒಬ್ಬ.

ಏಪ್ರಿಲ್‌ನ ಫೋಟೊ ಹಾಕಿ ಮತ್ತೊಂದು ಸುದ್ದಿ ಬರೆದೆ. ಈ ಸಲ ಒಂದೇ ಕಾಲಂ, ಒಳಪುಟದಲ್ಲಿ. ಪೇಟೆಯ ಇಬ್ಬರು ಪರಿಚಯದವರು ಮಾತು ಬಿಟ್ಟರು, ಅವರ ಪೈಪೂ ಆ 11ರಲ್ಲಿತ್ತು. ದೊಡ್ಡಮ್ಮ ಮತ್ತು ಜೊತೆಯ ಹೆಂಗಸರು ಷರತ್ತಿನ ಪ್ರತಿ ಹಿಡಿದು ಎರಡು ಸಲ ಕಚೇರಿಗೆ ಹೋದರು. 7 ಪೈಪ್ ಮುಚ್ಚಿದವು, 4 ಇನ್ನೂ ಇವೆ.

ನಿಮ್ಮೂರಲ್ಲೂ ಇಂಥ ಚರಂಡಿ ಇದ್ದರೆ ಬೇಸಿಗೆಯಲ್ಲಿ ಒಮ್ಮೆ ಹೋಗಿ ನೋಡಿ. ನೀರು ಹರಿಯುತ್ತಿದ್ದರೆ ದಿನಾಂಕ ಕಾಣುವಂತೆ ಫೋಟೊ ತೆಗೆಯಿರಿ, ಅನುಮತಿಯ ಪ್ರತಿ ಕೇಳಿ, ಷರತ್ತುಗಳ ಪುಟ ಮೊದಲು ಓದಿ. ಜಿಲ್ಲಾಧಿಕಾರಿ ಅಧ್ಯಕ್ಷತೆಯ ಕರಾವಳಿ ಸಮಿತಿಯಲ್ಲಿ ಮೀನುಗಾರರೂ ಸೇರಿ ಕರಾವಳಿಯ ಸಾಂಪ್ರದಾಯಿಕ ಸಮುದಾಯಗಳ ಕನಿಷ್ಠ ಮೂವರು ಇರಬೇಕೆಂಬ ನಿಯಮವಿದೆ. ನಿಮ್ಮ ಕಡೆಯಿಂದ ಯಾರಿದ್ದಾರೆ ಎಂದು ವಿಚಾರಿಸಿ.

ದೊಡ್ಡಮ್ಮ ಈಗ ದೋಣಿಯಲ್ಲಿ ಆಚೆ ದಡಕ್ಕೆ ಹೋಗಿ ಬಳಚು ಹೆಕ್ಕುತ್ತಾರೆ. ಚರಂಡಿಯ ಬಾಯಿ ಹತ್ತಿರ ಇನ್ನೂ ಯಾರೂ ಇಳಿಯುವುದಿಲ್ಲ.